ಜ್ವರ, ಅಂಗೈ ಮ್ಯಾಲೆ ಕೆಂಪು ಚುಕ್ಕಿ, ಮನ್ಯಾಗ ನಾಯಿ: ಇದು ಮಂಗನ ಕಾಯಿಲೆ ಏನ್ರಿ?

ಬ್ಯಾಡಗಿ_ಕಡ್ಡಿ
ನಮಸ್ಕಾರ್ರಿ ಎಲ್ಲಾರಿಗೂ. ನನ್ನ ಮಗಳಿಗೆ ಐದು ವರ್ಷ. ಜ್ವರ ಬಂದು ವಾರ ದಾಟಿದ್ರೂ ಇಳೀಲಿಲ್ಲ. ಮೊದಲು ಊರಾಗ ತೋರಿಸಿದ್ವಿ, ಡೆಂಗಿ ಇಲ್ಲ ಅಂದ್ರು. ವಿಡಾಲ್ ಪಾಸಿಟಿವ್ ಐತಿ, ಟೈಫಾಯ್ಡ್ ಅಂತ ದಿನಾ ಸೂಜಿ ಹಾಕಿದ್ರು. ಜ್ವರ ಹಂಗ ಉಳೀತು. ಆಮ್ಯಾಲೆ ಮಣಿಕಟ್ಟಿನ ಹತ್ರ, ಕಾಲ್ಗಂಟಿನ ಹತ್ರ ಸಣ್ಣ ಕೆಂಪು ಚುಕ್ಕಿ ಎದ್ದು, ಮರುದಿನ ಅಂಗೈ ಅಂಗಾಲಿಗೂ ಬಂದ್ವು. ದಾವಣಗೆರೆಗೆ ಕರ್ಕೊಂಡು ಹೋದ್ವಿ. ಅಲ್ಲಿ ಮಕ್ಕಳ ಡಾಕ್ಟ್ರು ಅಂಗೈ ತಿರುವಿ ನೋಡಿದವ್ರೇ “ಮನ್ಯಾಗ ನಾಯಿ ಸಾಕೀರೇನು?” ಅಂದ್ರು. ಉಣ್ಣಿ ಕಚ್ಚಿ ಬರೋ ಜ್ವರ, ರಿಕೆಟ್ಸಿಯಾ ಅಂತ ಹೇಳಿ ಡಾಕ್ಸಿಸೈಕ್ಲಿನ್ ಶುರು ಮಾಡಿದ್ರು. ಎರಡನೇ ದಿನಕ್ಕ ಜ್ವರ ಇಳಿದು ಹುಡುಗಿ ಅನ್ನ ಸಾರು ಕೇಳಿದ್ಲು.

ಈಗ ನನ್ನ ತಲಿಬ್ಯಾನಿ ಬ್ಯಾರೆ ಐತಿ. ಊರಾಗ ಇದು ಮಂಗನ ಕಾಯಿಲೆ ಅಂತ ಸುದ್ದಿ ಹಬ್ಬಿಸ್ಯಾರ, ಮನಿಗೆ ಯಾರೂ ಬರವಲ್ರು. ಔಷಧ ಅಂಗಡ್ಯಾಂವ “ಈ ಗುಳಿಗಿ ಸಣ್ಣ ಹುಡುಗ್ರಿಗೆ ಕೊಟ್ರ ಹಲ್ಲು ಹಳದಿ ಆಗ್ತಾವ” ಅಂತಾನ. ನಮ್ಮವ್ವ ನಾಯೀನ ದೂರ ಬಿಟ್ಟು ಬಾ ಅಂತ ಕುಂತಾಳ. ತಿಳಿದವ್ರು ಏನ್ ಮಾಡ್ಬೇಕು ಹೇಳ್ರಿ.

ಅಡಿಕೆ_ಕೊನೆ
ಮಾರಾಯ್ರೆ, ಮಂಗನ ಕಾಯಿಲೆ ಅಲ್ಲವೇ ಅಲ್ಲ ಇದು. ನಾನು ಸಾಗರ ಕಡೆಯವನು, ನಮಗೆ ಆ ಕಾಯಿಲೆ ಹೊಸತಲ್ಲ. ಅದು ವೈರಸ್. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ ಸತ್ತು ಬೀಳ್ತಾ ಇದ್ದಾಗ ಪತ್ತೆ ಆಗಿದ್ದು, ಅದಕ್ಕೇ ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಅನ್ನೋ ಹೆಸರು. ಅದನ್ನ ಹರಡೋ ಉಣುಗು ಕಾಡಿಂದು, ತರಗೆಲೆ ಅಡಿಯಲ್ಲಿ ಇರ್ತದೆ. ದರಕು ತರಲಿಕ್ಕೆ, ಸೌದೆಗೆ ಹೋದವರಿಗೆ ಹತ್ತೋದು ಜಾಸ್ತಿ, ಅದೂ ಚಳಿಗಾಲ ಶುರುವಾದ ಮೇಲೆ ಬೇಸಿಗೆ ಮುಗಿಯೋವರೆಗೆ. ಶ್ರಾವಣ ಮಾಸದಲ್ಲಿ ಬ್ಯಾಡಗಿ ಪೇಟೆಯ ಮಗುವಿಗೆ ಎಲ್ಲಿಂದ ಬರ್ತದೆ? ಇನ್ನೊಂದು, ವೈರಸ್ಸಿಗೆ ಡಾಕ್ಸಿ ಏನೂ ಮಾಡೋದಿಲ್ಲ. ನಿಮ್ಮ ಮಗಳಿಗೆ ಎರಡೇ ದಿನಕ್ಕೆ ಇಳಿದಿದೆ.

ನೇರನುಡಿ
ಜ್ವರ ತಾನಾಗೇ ಇಳಿಯೋ ಹೊತ್ತಿಗೆ ಮಾತ್ರೆ ಕೊಟ್ಟಿರ್ತಾರೆ, ಹೆಸರು ಮಾತ್ರೆಗೆ. ವಾರ ಕಳೆದರೆ ಯಾವ ಜ್ವರವಾದರೂ ಇಳಿಯುತ್ತೆ.

ಪಿಎಚ್‌ಸಿ_ಡ್ಯೂಟಿ
@ನೇರನುಡಿ, ಈ ಜ್ವರದ ವಿಷಯದಲ್ಲಿ ಆ ಮಾತು ಅಪಾಯ ಸರ್. ರಿಕೆಟ್ಸಿಯಾ ರಕ್ತನಾಳದ ಒಳಪದರದ ಕೋಶಗಳ ಒಳಗೇ ಕೂತು ಬೆಳೆಯೋ ಬ್ಯಾಕ್ಟೀರಿಯಾ. ನಾಳ ಸೋರೋಕೆ ಶುರುವಾಗುತ್ತೆ, ಅದೇ ಹೊರಗೆ ಚುಕ್ಕಿಯಾಗಿ ಕಾಣೋದು. ತಡವಾದರೆ ಮಿದುಳು, ಶ್ವಾಸಕೋಶ, ಮೂತ್ರಪಿಂಡ ಎಲ್ಲಕ್ಕೂ ಹೋಗುತ್ತೆ. ಬೆರಳ ತುದಿ, ಕಿವಿಯ ಅಂಚು ಕಪ್ಪಾಗಿ ಕೊಳೆತ ಮಕ್ಕಳನ್ನ ನಾನೇ ನೋಡಿದೀನಿ.

ಊರಲ್ಲಿ ಕೊಟ್ಟ ಸೂಜಿ ಬಹುಶಃ ಸೆಫ್ಟ್ರಿಯಾಕ್ಸೋನ್. ಟೈಫಾಯ್ಡ್‌ಗೆ ಅದು ಒಳ್ಳೆ ಔಷಧಿ, ಈ ರೋಗಾಣುವಿಗೆ ನಾಟೋದಿಲ್ಲ. ಪೆನ್ಸಿಲಿನ್ ಗುಂಪಿನದ್ದೂ ಅಷ್ಟೇ. ಡಾಕ್ಸಿಸೈಕ್ಲಿನ್ ಕೊಟ್ಟ ಮೇಲೆ ಸಾಮಾನ್ಯವಾಗಿ 48 ಗಂಟೆಯೊಳಗೆ ಜ್ವರ ಬಿಡುತ್ತೆ. ಬಿಡದಿದ್ದರೆ ಬೇರೆ ಏನೋ ಇದೆಯಾ ಅಂತ ಮತ್ತೆ ಹುಡುಕಬೇಕು.

ಹಲ್ಲಿನ ವಿಷಯ: ಆ ಹೆದರಿಕೆ ಹಳೇ ಟೆಟ್ರಾಸೈಕ್ಲಿನ್ ಕಾಲದ್ದು. ಅದು ಕ್ಯಾಲ್ಸಿಯಂಗೆ ಗಟ್ಟಿಯಾಗಿ ಅಂಟಿಕೊಳ್ತಾ ಇತ್ತು. ಡಾಕ್ಸಿ ಅದೇ ಗುಂಪಿನದ್ದಾದರೂ ಅಷ್ಟು ಅಂಟೋದಿಲ್ಲ. ಅಮೆರಿಕದಲ್ಲಿ ಎಂಟು ವರ್ಷದೊಳಗೆ ಡಾಕ್ಸಿ ತಿಂದಿದ್ದ 58 ಮಕ್ಕಳ ಹಲ್ಲನ್ನ, ತಿನ್ನದೇ ಇದ್ದ 213 ಮಕ್ಕಳ ಹಲ್ಲಿನ ಪಕ್ಕ ಇಟ್ಟು ನೋಡಿದರು. ಬಣ್ಣದಲ್ಲಿ ವ್ಯತ್ಯಾಸವೇ ಸಿಗಲಿಲ್ಲ. ಈಗ ಈ ಜ್ವರಕ್ಕೆ ಯಾವ ವಯಸ್ಸಿಗಾದರೂ ಮೊದಲ ಔಷಧಿ ಅದೇ. ಡಾಕ್ಟ್ರು ಹೇಳಿದಷ್ಟು ದಿನ ಪೂರ್ತಿ ಕೊಡಿ, ಅಂಗಡಿಯವನ ಮಾತು ಕೇಳಿ ನಡುವೆ ನಿಲ್ಲಿಸಬೇಡಿ.

ಬ್ಯಾಡಗಿ_ಕಡ್ಡಿ
ಮೇಡಂ, ಭಾಳ ಉಪಕಾರ ಆತ್ರಿ. ಇವತ್ತಿನ ಗುಳಿಗಿ ಕೊಡಬೇಕೋ ಬ್ಯಾಡೋ ಅಂತ ಕೈಯಾಗ ಹಿಡ್ಕೊಂಡು ಕುಂತಿದ್ದೆ.

ಪಿಎಚ್‌ಸಿ_ಡ್ಯೂಟಿ
ಕೊಡಿ. ಊಟ ಆದಮೇಲೆ, ಲೋಟ ತುಂಬ ನೀರು. ನುಂಗಿದ ಕೂಡಲೇ ಮಲಗಿಸಬೇಡಿ, ಅನ್ನನಾಳಕ್ಕೆ ಅಂಟಿದರೆ ಹುಣ್ಣಾಗುತ್ತೆ. ಕಬ್ಬಿಣಾಂಶದ ಟಾನಿಕ್ ಇದ್ದರೆ ಅದೇ ಹೊತ್ತಿಗೆ ಬೇಡ. ಮತ್ತೆ ನಾನು ಮೇಡಂ ಅಲ್ಲ, ಸರ್ 🙂

ಲ್ಯಾಬ್_ಕಿಟಕಿ
ವಿಡಾಲ್ ಬಗ್ಗೆ ನಂದೂ ಎರಡು ಮಾತು. ನಮ್ಮ ಕಡೆ ಜನಕ್ಕೆ ಹಿಂದೆ ಯಾವಾಗಲೋ ತಗುಲಿದ ಸೋಂಕಿನ ಪ್ರತಿಕಾಯ ರಕ್ತದಲ್ಲಿ ಇದ್ದೇ ಇರುತ್ತೆ. ಒಂದೇ ಸಲ ಮಾಡಿದ ವಿಡಾಲ್ ನೋಡಿ ಟೈಫಾಯ್ಡ್ ಅನ್ನೋದು ಅರ್ಧ ಊಹೆ. ಬ್ಲಡ್ ಕಲ್ಚರ್ ಮಾಡಿಸಿದರೆ ಗೊತ್ತಾಗುತ್ತೆ, ಆದರೆ ಸೂಜಿ ಶುರು ಮಾಡೋ ಮುಂಚೆ ರಕ್ತ ತೆಗೀಬೇಕು. ಅದನ್ನ ಯಾರೂ ಮಾಡಲ್ಲ.

ರಿಕೆಟ್ಸಿಯಾಗೆ ನಮ್ಮಂಥ ಸಣ್ಣ ಲ್ಯಾಬಲ್ಲಿ ಆಗೋದು ವೀಲ್-ಫೆಲಿಕ್ಸ್. ಓಎಕ್ಸ್-19, ಓಎಕ್ಸ್-2, ಓಎಕ್ಸ್-ಕೆ ಅಂತ ಮೂರು ಬಾಟಲಿ. ಅದರಲ್ಲಿ ಇರೋದು ರಿಕೆಟ್ಸಿಯಾ ಅಲ್ಲ, ಪ್ರೋಟಿಯಸ್ ಅನ್ನೋ ಬೇರೆ ಬ್ಯಾಕ್ಟೀರಿಯಾ. ಇದಕ್ಕೆ ಹುಟ್ಟಿದ ಪ್ರತಿಕಾಯ ಅದಕ್ಕೂ ಅಂಟುತ್ತೆ ಅನ್ನೋ ಆಧಾರದ ಮೇಲೆ ನಡೆಯೋ ಪರೀಕ್ಷೆ. ಓಎಕ್ಸ್-ಕೆ ಏರಿದರೆ ಸ್ಕ್ರಬ್ ಟೈಫಸ್ ಅನುಮಾನ, ಮಿಕ್ಕಿದ್ದು ಏರಿದರೆ ಚುಕ್ಕಿ ಜ್ವರದ ಗುಂಪು (ಈ ಮಗುವಿಗೆ ಬಂದಂಥದ್ದು) ಇಲ್ಲಾ ಚಿಗಟದ ಟೈಫಸ್. ಮೊದಲ ವಾರ ಮಾಡಿದರೆ ನೆಗೆಟಿವ್ ಬರೋದೇ ಹೆಚ್ಚು. ಪ್ರತಿಕಾಯ ನೋಡೋ ಎಲೈಸಾ ಅನ್ನೋ ರಕ್ತಪರೀಕ್ಷೆ ಇದಕ್ಕಿಂತ ವಾಸಿ, ಆದರೆ ದೊಡ್ಡ ಊರಿಗೇ ಹೋಗಬೇಕು. ನೆಗೆಟಿವ್ ರಿಪೋರ್ಟ್ ಕೈಲಿ ಹಿಡಿದು “ಏನೂ ಇಲ್ವಂತೆ” ಅಂತ ಮನೆಗೆ ಹೋಗೋರನ್ನ ನೋಡಿದರೆ ಸಂಕಟ ಆಗುತ್ತೆ.

ನೇರನುಡಿ
ಹಾಗಾದರೆ ಪರೀಕ್ಷೆ ಮಾಡೋದಾದರೂ ಯಾಕೆ? ದುಡ್ಡು ಕೀಳೋಕಾ?

ಲ್ಯಾಬ್_ಕಿಟಕಿ
ಡಾಕ್ಟ್ರು ರೋಗಿ ನೋಡಿ ಔಷಧಿ ಶುರು ಮಾಡ್ಲಿ, ರಿಪೋರ್ಟ್ ಆಮೇಲೆ ಬರಲಿ. ರಿಪೋರ್ಟ್ ಬರಲಿ, ಆಮೇಲೆ ಔಷಧಿ ಅಂತ ಕೂತರೆ ಕಷ್ಟ. ನಾನು ಹೇಳಿದ್ದು ಅಷ್ಟೇ. ದುಡ್ಡಿನ ಮಾತು ನಮ್ಮ ಓನರ್ ಹತ್ರ ಕೇಳಿ.

ಕಡಲತಡಿ
ನಮ್ಮ ಉಡುಪಿ ಕಡೆ ಇದಕ್ಕೆ ಇಲಿಜ್ವರ ಅಂತ ಹೇಳುವುದು ಅಲ್ವಾ? ಗದ್ದೆಗೆ ಇಳಿಯುವವರಿಗೆ ಮಳೆಗಾಲದಲ್ಲಿ ಇದೇ ಡಾಕ್ಸಿ ಮಾತ್ರೆ ಕೊಡ್ತಾರೆ ಮಾರಾಯ್ರೇ.

ಪಿಎಚ್‌ಸಿ_ಡ್ಯೂಟಿ
ಮಾತ್ರೆ ಒಂದೇ, ಕಾಯಿಲೆ ಬೇರೆ. ಇಲಿಜ್ವರ ಲೆಪ್ಟೋಸ್ಪೈರಾದಿಂದ, ಇಲಿ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿ ಬರುತ್ತೆ. ಅದಕ್ಕೆ ಯಾವ ಹುಳವೂ ಕಚ್ಚಬೇಕಿಲ್ಲ.

ಕಡಲತಡಿ
ಸರಿ ಸರಿ. ಆದ್ರೆ ಇಲಿಯ ಮೈಮೇಲಿನ ಚಿಗಟದಿಂದ ಒಂದು ಜ್ವರ ಬರ್ತದೆ ಅಂತ ಕೇಳಿದ್ದೆ. ಅದು ಎಂತದು ಹಾಗಾದ್ರೆ?

ಲ್ಯಾಬ್_ಕಿಟಕಿ
ಅದು ಮ್ಯೂರೈನ್ ಟೈಫಸ್. ರಿಕೆಟ್ಸಿಯಾ ಟೈಫಿ. ಚಿಗಟ ಕಚ್ಚಿದ ಜಾಗದಲ್ಲೇ ಹಿಕ್ಕೆ ಹಾಕುತ್ತೆ, ನಾವು ತುರಿಸಿಕೊಂಡಾಗ ಅದು ಚರ್ಮದೊಳಗೆ ಹೋಗುತ್ತೆ. ಅಕ್ಕಿ ಗೋದಾಮು, ದಿನಸಿ ಮಂಡಿ, ಹಳೇ ಮನೆ ಅಟ್ಟ, ಇಲಿ ಇರೋ ಕಡೆ ಎಲ್ಲ ಇರಬಹುದು. ಸಾಮಾನ್ಯವಾಗಿ ಅಷ್ಟು ತೀವ್ರ ಅಲ್ಲ, ಡೆಂಗಿ ಥರ ಜ್ವರ ತಲೆನೋವು ಬಂದು ಹೋಗುತ್ತೆ, ಹೆಸರು ಹಿಡಿಯೋರೇ ಇಲ್ಲ.

ಗಾಂಧಿಬಜಾರ್_ಕಾಫಿ
ಇಲಿ ಚಿಗಟ ಅಂದ್ರೆ ಬೆಂಗಳೂರಿನೋರಿಗೆ ನೆನಪಾಗೋದು ಪ್ಲೇಗು. 1898ರಲ್ಲಿ ಇಲ್ಲಿಗೆ ಬಂತು. ಅದೂ ಅದೇ ಇಲಿ ಚಿಗಟ, ಬ್ಯಾಕ್ಟೀರಿಯಾ ಬೇರೆ. ಪೇಟೆಯ ಇಕ್ಕಟ್ಟು ಗಲ್ಲಿಗಳಿಂದ ಜನ ಹೊರಗೆ ಹೋದರು, ಬಸವನಗುಡಿ, ಮಲ್ಲೇಶ್ವರ ಅಗಲ ರಸ್ತೆ, ಹಿತ್ತಲ ಓಣಿ ಸಮೇತ ಬೆಳೆದದ್ದು ಆಮೇಲೆ. ಪ್ಲೇಗ್ ಮಾರಮ್ಮನ ಗುಡಿಗಳು ಈಗಲೂ ಇವೆ, ಹೋಗಿ ನೋಡಿ. ನಮ್ಮಜ್ಜಿ ಹೇಳೋರು, “ಇಲಿ ಬಿತ್ತು” ಅಂದ ಕೂಡಲೇ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕ್ಕೊಂಡು ಇರ್ತಿದ್ರಂತೆ.

ಕುರಿಹಟ್ಟಿ
ಹಳೇ ಜನ ಶ್ಯಾಣ್ಯಾರು ಇದ್ರು ನೋಡ್ರಿ. ಇಲಿ ಸತ್ತ ಮ್ಯಾಲೆ ಮೈ ತಣ್ಣಗಾಗಿ ಚಿಗಟ ಇಳಿದು ಮನಷ್ಯಾರಿಗೆ ಹತ್ತತಾವ. ಊರು ಬಿಟ್ಟದ್ದಕ್ಕ ಬದುಕಿದ್ರು.

ಲ್ಯಾಬ್_ಕಿಟಕಿ
ಅದಕ್ಕೇ ಇವತ್ತಿಗೂ ಪ್ಲೇಗಿನ ಅನುಮಾನ ಇರೋ ಕಡೆ ಮೊದಲು ಚಿಗಟಕ್ಕೆ ಪುಡಿ ಹೊಡೀತಾರೆ, ಆಮೇಲೆ ಇಲಿಗೆ ಪಾಷಾಣ. ಹಿಂದುಮುಂದು ಮಾಡಿದರೆ ಅನಾಹುತ.

ನೇರನುಡಿ
ಪ್ಲೇಗು, ಮಾರಮ್ಮ, ಮಲ್ಲೇಶ್ವರ! ಅವರು ಕೇಳಿದ್ದು ಮಗುವಿನ ಜ್ವರ. ಮೂಲ ಸಮಸ್ಯೆ ಬೀದಿನಾಯಿ. ಅವನ್ನ ತೆಗೆದರೆ ಎಲ್ಲ ಸರಿಹೋಗುತ್ತೆ.

ದನದ_ಡಾಕ್ಟ್ರು
ನಾನು ಪಶು ಇಲಾಖೆಯಲ್ಲಿದ್ದು ನಿವೃತ್ತನಾದವನು. ನೇರನುಡಿಯವರೇ, ನಾಯಿ ತೆಗೆದರೆ ಉಣ್ಣಿ ಹೋಗೋದಿಲ್ಲ. ಇದು ಕಂದು ನಾಯಿ ಉಣ್ಣಿ. ಜೀವನದ ಹೆಚ್ಚಿನ ಕಾಲ ನಾಯಿಯ ಮೈಮೇಲೆ ಇರೋದೇ ಇಲ್ಲ. ಮರಿ ಇದ್ದಾಗ ಒಂದು ಸಲ, ನಡುಪ್ರಾಯದಲ್ಲಿ ಒಂದು ಸಲ, ಬೆಳೆದ ಮೇಲೆ ಒಂದು ಸಲ ಹತ್ತಿ ರಕ್ತ ಕುಡಿಯುತ್ತೆ, ಪ್ರತಿಸಲವೂ ಉದುರಿ ಬಿದ್ದು ಗೋಡೆ ಹತ್ತುತ್ತೆ. ನಾಯಿ ಇಲ್ಲದಿದ್ದರೆ ಹಸಿದುಕೊಂಡೇ ತಿಂಗಳುಗಟ್ಟಲೆ ಕಾಯುತ್ತೆ, ಆಗ ಕೈಗೆ ಸಿಕ್ಕ ಮನುಷ್ಯನೂ ಆಗಬಹುದು. ರೋಗಾಣು ತಾಯಿ ಉಣ್ಣಿಯಿಂದ ಮೊಟ್ಟೆಗೂ ದಾಟುತ್ತೆ.

ಬ್ಯಾಡಗಿಯವರೇ, ಇವತ್ತು ರಾತ್ರಿ ಟಾರ್ಚ್ ಹಿಡಿದು ನಾಯಿ ಮಲಗೋ ಜಾಗದ ಪಕ್ಕದ ಗೋಡೆ ನೋಡಿ. ಬಾಗಿಲ ಚೌಕಟ್ಟು ಗೋಡೆಗೆ ಸೇರೋ ಸಂದು, ಸುಣ್ಣ ಎದ್ದ ಬಿರುಕು, ಕಿಟಕಿಯ ಮೇಲಿನ ಮೂಲೆ, ಹಗ್ಗದ ಮಂಚದ ಕಾಲಿನ ಕೀಲು. ರಕ್ತ ಕುಡಿದು ಹರಳು ಬೀಜದಷ್ಟು ಊದಿದ ಬೂದು ಬಣ್ಣದ ಹೆಣ್ಣು ಒಂದೋ ಎರಡೋ ಸಿಕ್ಕೇ ಸಿಗುತ್ತೆ. ಒಂದೊಂದು ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಅವನ್ನ ಉಗುರಲ್ಲಿ ಕುಕ್ಕಬೇಡಿ. ನಮ್ಮ ಹೆಣ್ಣುಮಕ್ಕಳಿಗೆ ಹೇನು ಕುಕ್ಕೋ ಅಭ್ಯಾಸ, ಉಣ್ಣಿಯನ್ನೂ ಹಾಗೇ ಮಾಡ್ತಾರೆ. ಒಡೆದಾಗ ಸಿಡಿಯೋ ರಸ ಬೆರಳಿನ ಗಾಯಕ್ಕೋ ಕಣ್ಣಿಗೋ ತಾಗಿದರೆ ಕಚ್ಚಿಸಿಕೊಂಡಷ್ಟೇ ಅಪಾಯ. ಚಿಮಟದಲ್ಲಿ ಹಿಡಿದು ಸೋಪಿನ ನೀರಿನ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ.

ಬ್ಯಾಡಗಿ_ಕಡ್ಡಿ
ಡಾಕ್ಟ್ರ, ನಮ್ಮ ಮನ್ಯಾಗ ಮಗಳೇ ನಾಯಿ ಮೈಯಾನ ಉಣ್ಣಿ ಆರಿಸಿ ಕಲ್ಲಿನಾಗ ಜಜ್ಜತಿದ್ಲು. ಆಟ ಅಂತ ನಾವೂ ಬಿಟ್ಟಿದ್ವಿ.

ದನದ_ಡಾಕ್ಟ್ರು
ಇನ್ನು ಬೇಡ. ಎಲ್ಲ ಮನೆಯಲ್ಲೂ ನಡೆಯೋದೇ ಇದು.

ಶಿರಸಿ_ಅತ್ತಿಗೆ
ಉಣುಗು ಕಚ್ಚಿಕೊಂಡಿದ್ರೆ ಸೀಮೆಎಣ್ಣೆ ಹಚ್ಚಿ ಇಲ್ಲಾ ಊದಿನಕಡ್ಡಿ ತಾಗಿಸಿ, ತಾನಾಗೇ ಬಿಡ್ತದೆ. ನಮ್ಮಲ್ಲಿ ತಲೆತಲಾಂತರದಿಂದ ಮಾಡ್ತಾ ಬಂದಿದ್ದು.

ದನದ_ಡಾಕ್ಟ್ರು
ದಯವಿಟ್ಟು ಮಾಡಬೇಡಿ ಅಮ್ಮ. ಬಿಸಿ ತಾಗಿದಾಗ, ಎಣ್ಣೆ ಬಿದ್ದಾಗ ಅದು ಒದ್ದಾಡಿ ಜೊಲ್ಲನ್ನ ಇನ್ನಷ್ಟು ಒಳಗೇ ಬಿಡಬಹುದು. ರೋಗಾಣು ಇರೋದು ಆ ಜೊಲ್ಲಲ್ಲೇ. ಸಪೂರ ಮೂತಿಯ ಚಿಮಟದಲ್ಲಿ ಚರ್ಮಕ್ಕೆ ತಾಗುವ ಹಾಗೆ ತಲೆಯ ಹತ್ರ ಹಿಡಿದು, ತಿರುಚದೆ, ನೇರ ಮೇಲಕ್ಕೆ ನಿಧಾನ ಎಳೆಯೋದು. ಆಮೇಲೆ ಸೋಪು ನೀರಲ್ಲಿ ತೊಳೆಯೋದು. ಕಚ್ಚಿದ ತಕ್ಷಣ ಸೋಂಕು ದಾಟೋದಿಲ್ಲ, ಸಾಮಾನ್ಯವಾಗಿ ಕೆಲವು ಗಂಟೆ ಬೇಕು. ಅದಕ್ಕೇ ದಿನಾ ಸಂಜೆ ಮಕ್ಕಳಿಗೆ ಸ್ನಾನ ಮಾಡಿಸುವಾಗ ಕಿವಿ ಹಿಂದೆ, ತಲೆಕೂದಲ ಒಳಗೆ, ಕಂಕುಳು, ಉಡಿದಾರದ ಕೆಳಗೆ ಬೆರಳಾಡಿಸಿ ನೋಡಿದರೆ ಅರ್ಧ ಗೆದ್ದ ಹಾಗೆ.

ಶಿರಸಿ_ಅತ್ತಿಗೆ
ನಮ್ಮ ಅತ್ತೆ ಎಂಬತ್ತು ದಾಟಿದರೂ ಗಟ್ಟಿ ಇದ್ರು, ಊದಿನಕಡ್ಡಿಯಲ್ಲೇ ತೆಗೀತಿದ್ರು. ಏನೂ ಆಗಿಲ್ಲ.

ಅಡಿಕೆ_ಕೊನೆ
ಅತ್ತಿಗೆ, ನಿಮ್ಮ ಅತ್ತೆ ಪುಣ್ಯವಂತರು 😄 ಎಲ್ಲ ಉಣುಗಿನಲ್ಲೂ ರೋಗ ಇರೋದಿಲ್ಲವಲ್ಲ.

ಕನೆಕ್ಟಿಕಟ್_ಕನ್ನಡಿಗ
ನಾನಿರೋದು ಲೈಮ್ ಅನ್ನೋ ಉಣ್ಣಿ ಕಾಯಿಲೆಗೆ ಹೆಸರು ಕೊಟ್ಟ ಊರಿನ ರಾಜ್ಯದಲ್ಲಿ. ಇಲ್ಲಿ ಉಣ್ಣಿ ಕಚ್ಚಿ ಒಂದೂವರೆ ದಿನ ಅಂಟಿಕೊಂಡಿದ್ದರೆ ಮೂರು ದಿನದೊಳಗೆ 200 ಮಿಲಿಗ್ರಾಂ ಡಾಕ್ಸಿ ಒಂದೇ ಒಂದು ಸಲ ಕೊಟ್ಟು ಬಿಡ್ತಾರೆ. ಊರಲ್ಲೂ ಉಣ್ಣಿ ಕಚ್ಚಿದವರೆಲ್ಲ ಹಾಗೇ ಒಂದು ಮಾತ್ರೆ ನುಂಗಿಬಿಟ್ಟರೆ ಆಯ್ತಲ್ಲ?

ಪಿಎಚ್‌ಸಿ_ಡ್ಯೂಟಿ
ಇಲ್ಲ ಸರ್, ಆ ಲೆಕ್ಕ ಲೈಮ್‌ಗೆ, ನಿಮ್ಮಲ್ಲಿನ ಜಿಂಕೆ ಉಣ್ಣಿಗೆ ಮಾತ್ರ. ಚುಕ್ಕಿ ಜ್ವರಕ್ಕೆ ಮುಂಜಾಗ್ರತೆಗೆ ಅಂತ ಮಾತ್ರೆ ನುಂಗೋ ಸಲಹೆ ಇಲ್ಲ. ಕಚ್ಚಿದ ಮೇಲೆ ಎರಡು ವಾರ ಮೈಮೇಲೆ ನಿಗಾ ಇಡಬೇಕು, ಜ್ವರ ಬಂದರೆ “ಉಣ್ಣಿ ಕಚ್ಚಿತ್ತು” ಅಂತ ಡಾಕ್ಟ್ರ ಮುಂದೆ ಬಾಯಿಬಿಟ್ಟು ಹೇಳಬೇಕು. ಆ ಒಂದು ಮಾತು ಹೇಳೋರೇ ಕಡಿಮೆ. ಕಚ್ಚಿದ್ದು ನೋಯೋದಿಲ್ಲ, ಹಾಗಾಗಿ ಎಷ್ಟೋ ಜನಕ್ಕೆ ಗೊತ್ತೂ ಆಗಿರಲ್ಲ. ನಾನಂತೂ ನಾಯಿ, ಕುರಿ, ಕೊಟ್ಟಿಗೆ, ಹುಲ್ಲುಬಣವೆ ಎಲ್ಲ ಕೇಳ್ತೀನಿ.

ಅಂದ ಹಾಗೆ ನಿಮ್ಮ ದೇಶದ್ದೇ ಇನ್ನೊಂದು ಉದಾಹರಣೆ ನಮಗೆ ಹತ್ತಿರ. ಅರಿಜೋನಾದ ಮೂಲನಿವಾಸಿಗಳ ಹಳ್ಳಿಗಳಲ್ಲಿ ರಾಕಿ ಮೌಂಟನ್ ಚುಕ್ಕಿ ಜ್ವರ ಹರಡಿದ್ದು ಇದೇ ಕಂದು ನಾಯಿ ಉಣ್ಣಿಯಿಂದ. ಅಲ್ಲಿ ನಾಯಿಗಳನ್ನ ಓಡಿಸಲಿಲ್ಲ, ಉಣ್ಣಿ ಕೊಲ್ಲೋ ಪಟ್ಟಿ ಕಟ್ಟಿದರು, ಅಂಗಳಕ್ಕೆ ಔಷಧಿ ಹೊಡೆದರು. ಉಣ್ಣಿ ಇಳಿಯಿತು. ಮೇಲೆ ಹೇಳಿದೆನಲ್ಲ, ಹಲ್ಲು ನೋಡಿದ ಮಕ್ಕಳು, ಅವರೂ ಅಂಥ ಹಳ್ಳಿಯವರೇ.

ಕುರಿಹಟ್ಟಿ
ನಮ್ಮ ಕಡೆ ಕುರಿ ಕಾಯೋ ಹುಡುಗಗ ಹೋದ ವರ್ಷ ಜ್ವರ ಬಂದು ಉಸಿರಾಡಾಕ ಆಗವಲ್ದಾಗಿತ್ತು. ದೊಡ್ಡ ಆಸ್ಪತ್ರಿಯಾಗ ನರ್ಸಮ್ಮ ಚಡ್ಡಿ ಲಾಡಿ ಸರಿಸಿ ನೋಡಿದಾಗ ತೊಡಿ ಸಂದಿನಾಗ ಕರೀ ಹಕ್ಕಳಿ ಇತ್ತು, ಸುತ್ತ ಕೆಂಪು. ನೋವಿಲ್ಲ, ತುರಿಕಿಲ್ಲ, ಅಂವಗೂ ಗೊತ್ತಿರಲಿಲ್ಲ. ಸ್ಕ್ರಬ್ ಟೈಫಸ್ ಅಂದ್ರು. ಅದೂ ಉಣ್ಣಿದೇ ಏನ್ರಿ?

ಪಿಎಚ್‌ಸಿ_ಡ್ಯೂಟಿ
ಆ ನರ್ಸಮ್ಮಂಗೆ ನನ್ನ ಕಡೆಯಿಂದ ಒಂದು ನಮಸ್ಕಾರ. ಸ್ಕ್ರಬ್ ಟೈಫಸ್ ಉಣ್ಣಿಯಿಂದ ಅಲ್ಲ. ಪೊದೆ, ಹುಲ್ಲಲ್ಲಿರೋ ಒಂದು ನುಸಿಯ ಮರಿ, ಕಣ್ಣಿಗೆ ಕಾಣೋದೇ ಕಷ್ಟ. ರೋಗಾಣುವಿನ ಹೆಸರು ಓರಿಯೆನ್ಶಿಯಾ. ಎರಡನೇ ಮಹಾಯುದ್ಧದಲ್ಲಿ ಬರ್ಮಾ, ಅಸ್ಸಾಂ ಗಡಿಯಲ್ಲಿ ಸೈನಿಕರನ್ನ ಮಲಗಿಸಿದ್ದು ಇದೇ. ಮಳೆ ನಿಂತು ಚಳಿ ಹಿಡಿಯೋ ಹೊತ್ತಿಗೆ ನಮ್ಮಲ್ಲಿ ಜಾಸ್ತಿ. ಆ ಕಪ್ಪು ಹಕ್ಕಳೆ ಸಿಕ್ಕರೆ ರೋಗ ಸಿಕ್ಕ ಹಾಗೇ, ಆದರೆ ಬಟ್ಟೆ ಬಿಚ್ಚಿಸಿ ಸೊಂಟ, ಕಂಕುಳು, ಸ್ತನದ ಕೆಳಗೆ ಹುಡುಕಬೇಕು. ಹೊರರೋಗಿ ವಿಭಾಗದಲ್ಲಿ ನೂರು ಜನ ಸಾಲಲ್ಲಿ ನಿಂತಿರುವಾಗ ಯಾರು ಹುಡುಕ್ತಾರೆ ಹೇಳಿ. ನಾಯಿ ಉಣ್ಣಿ ಜ್ವರದಲ್ಲಿ ನಮ್ಮ ದೇಶದಲ್ಲಿ ಆ ಹಕ್ಕಳೆ ಸಿಗೋದು ಕಡಿಮೆ, ಚುಕ್ಕಿಯೇ ಸುಳಿವು.

ಔಷಧಿ ಅಲ್ಲೂ ಡಾಕ್ಸಿ, ಗರ್ಭಿಣಿಯರಿಗೆ ಅಜಿಥ್ರೋಮೈಸಿನ್. ತೀವ್ರವಾಗಿದ್ದರೆ ಎರಡನ್ನೂ ಒಟ್ಟಿಗೆ ರಕ್ತನಾಳಕ್ಕೆ ಕೊಟ್ಟರೆ ಒಂದೇ ಕೊಟ್ಟದ್ದಕ್ಕಿಂತ ಮೇಲು ಅಂತ ನಮ್ಮ ದೇಶದ ಆಸ್ಪತ್ರೆಗಳಲ್ಲೇ ನಡೆದ ದೊಡ್ಡ ಪ್ರಯೋಗ 2023ರಲ್ಲಿ ಪ್ರಕಟವಾಯ್ತು.

ನೇರನುಡಿ
ಇಷ್ಟು ಅಗ್ಗದ ಮಾತ್ರೆ, ಇಷ್ಟು ಸುಲಭ ಅಂದ್ರೆ ಜ್ವರ ಬಂದವರಿಗೆಲ್ಲ ಕೊಟ್ಟುಬಿಡಿ ಮತ್ತೆ. ಯಾಕೆ ಕೊಡಲ್ಲ? ಅಗ್ಗದ್ದು ಅಂತಾನೇ.

ಪಿಎಚ್‌ಸಿ_ಡ್ಯೂಟಿ
ಈ ಪ್ರಶ್ನೆ ಸರಿಯಾಗಿದೆ. ಜ್ವರ ಐದು ದಿನ ದಾಟಿದೆ, ಡೆಂಗಿ ಮಲೇರಿಯಾ ಇಲ್ಲ, ಚುಕ್ಕಿನೋ ಹಕ್ಕಳೆನೋ ಇದೆ, ಇಲ್ಲಾ ಪ್ಲೇಟ್‌ಲೆಟ್ ಇಳಿದು ಲಿವರ್ ಕಿಣ್ವ ಏರಿದೆ, ಮನೆಯಲ್ಲಿ ಪ್ರಾಣಿ ಇವೆ ಅಂದ್ರೆ ನಾನು ರಿಪೋರ್ಟಿಗೆ ಕಾಯದೆ ಕೊಡ್ತೀನಿ. ಮೊನ್ನೆ ಶೀತ ಆದವರಿಗೆ ಕೊಡಲ್ಲ. ಚುಕ್ಕಿ ಬರೋದೇ ಜ್ವರ ಬಂದು ಕೆಲವು ದಿನದ ಮೇಲೆ, ಕಪ್ಪು ಮೈಬಣ್ಣದಲ್ಲಿ ಕಾಣೋದೂ ಕಷ್ಟ, ಹಾಗಾಗಿ ಬಿಸಿಲಿಗೆ ಕರೆದು ಅಂಗೈ ಅಂಗಾಲು ನೋಡಬೇಕು. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತೆ. ಕೊರತೆ ಇರೋದು ಅನುಮಾನ ಪಡೋದರಲ್ಲಿ. ಅಂಗಡಿಯಿಂದ ನೀವೇ ತಂದು ನುಂಗೋದನ್ನ ಮಾತ್ರ ನಾನು ಹೇಳ್ತಿಲ್ಲ, ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಇದ್ದು ಗೊತ್ತಾಗದೆ ಹೋದರೆ ಕಷ್ಟ.

ನೇರನುಡಿ
ಒಪ್ಪಿದೆ. ಬೀದಿನಾಯಿ ವಿಷಯ ಮಾತ್ರ ಒಪ್ಪಲ್ಲ.

ಬ್ಯಾಡಗಿ_ಕಡ್ಡಿ
ನಿನ್ನೆ ರಾತ್ರಿ ಟಾರ್ಚ್ ಹಾಕಿ ನೋಡಿದ್ನಿರಿ. ಡಾಕ್ಟ್ರು ಹೇಳಿದ್ದು ಖರೇ. ಹಿತ್ತಲ ಬಾಗಿಲ ಚೌಕಟ್ಟಿನ ಸಂದಿನಾಗ ಸಾಲಾಗಿ ಕುಂತಿದ್ವು. ಅವ್ವಗ ತೋರಿಸಿದೆ, ನಾಯಿ ಬಿಡೋ ಮಾತು ನಿಲ್ಲಿಸಿ ಗೋಡಿ ಕೆಡವು ಅಂತಾಳ ಈಗ. ದನಕ್ಕ ಹೊಡಿಯೋ ಉಣ್ಣಿ ಔಷಧ ಬ್ಯೂಟಾಕ್ಸ್ ಮನ್ಯಾಗ ಐತಿ. ಅದನ್ನ ಗೋಡಿಗೆ ನಾಯಿಗೆ ಎಲ್ಲಾ ಹೊಡೀಲೇನ್ರಿ?

ದನದ_ಡಾಕ್ಟ್ರು
ಗೋಡೆ ಕೆಡವೋದು ಬೇಡ, ಬಿರುಕು ಸಂದು ಸಿಮೆಂಟು ಹಾಕಿ ಮುಚ್ಚಿ. ಮುಚ್ಚೋ ಮುಂಚೆ ಔಷಧಿ ಹೊಡೀರಿ. ಬಾಟಲಿ ಮೇಲೆ ಬರೆದ ಅಳತೆಯಲ್ಲೇ ನೀರು ಬೆರೆಸಿ, “ಗಟ್ಟಿ ಇದ್ದರೆ ಬೇಗ ಸಾಯ್ತಾವೆ” ಅಂತ ಕಣ್ಣಳತೆಯಲ್ಲಿ ಸುರೀಬೇಡಿ. ಮಗು, ಪಾತ್ರೆ, ನೀರಿನ ತೊಟ್ಟಿ ದೂರ ಇರಲಿ, ಕೈಗೆ ಗ್ಲೌಸ್, ಮೂಗಿಗೆ ಬಟ್ಟೆ. ಒಂದು ಸಲ ಹೊಡೆದರೆ ಸಾಲದು, ಮೊಟ್ಟೆ ಒಡೆದು ಹೊಸ ಮರಿ ಬರುತ್ತೆ, ಕೆಲವು ವಾರ ಬಿಟ್ಟು ಮತ್ತೆ ಹೊಡೀಬೇಕು.

ನಾಯಿಗೆ ದನದ ಔಷಧಿಯನ್ನ ಅಂದಾಜಿನ ಮೇಲೆ ಬಳಿಯಬೇಡಿ. ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೂಕ ನೋಡಿಸಿ. ಕತ್ತಿನ ಹಿಂದೆ ಹನಿ ಬಿಡೋ ಫಿಪ್ರೊನಿಲ್ ಇದೆ, ಪಟ್ಟಿ ಇದೆ, ಬಾಯಿಗೆ ಕೊಡೋ ಮಾತ್ರೆಯೂ ಬಂದಿದೆ, ಅದು ಸ್ವಲ್ಪ ದುಬಾರಿ. ನಾಯಿ ಮಂಕಾಗಿದ್ದರೆ, ಮೂಗಲ್ಲಿ ರಕ್ತ ಬಂದರೆ ಅದನ್ನೂ ಹೇಳಿ. ಇದೇ ಉಣ್ಣಿ ನಾಯಿಗೆ ಎರ್ಲಿಕಿಯಾ ಅನ್ನೋ ಬೇರೆ ಬ್ಯಾಕ್ಟೀರಿಯಾ ಕೊಡುತ್ತೆ, ಅದಕ್ಕೂ ಡಾಕ್ಸಿಯೇ.

ಗಾಂಧಿಬಜಾರ್_ಕಾಫಿ
ಡಾಕ್ಟ್ರೇ, ನಮ್ಮನೇಲಿ ಬೆಕ್ಕು. ಮೈತುಂಬ ಚಿಗಟ, ಮಗ ಅದನ್ನ ಪಕ್ಕದಲ್ಲೇ ಮಲಗಿಸಿಕೊಳ್ತಾನೆ. ಪಕ್ಕದ ಮನೆಯವರು ನಾಯಿಗೆ ಹಾಕೋ ಪೌಡರ್ ಕೊಟ್ಟಿದ್ದಾರೆ. ಹಾಕಬಹುದಾ?

ದನದ_ಡಾಕ್ಟ್ರು
ಹಾಕಲೇಬೇಡಿ! ಡಬ್ಬಿ ಮೇಲೆ ಪರ್ಮೆಥ್ರಿನ್ ಅಂತ ಇದೆಯಾ ನೋಡಿ. ನಾಯಿ ತಡೆದುಕೊಳ್ಳುತ್ತೆ, ಬೆಕ್ಕಿಗೆ ಅದು ವಿಷ, ನಡುಕ ಬಂದು ಸಾಯುತ್ತೆ. ಬೆಕ್ಕಿಗೇ ಅಂತ ಬೇರೆ ಹನಿ ಸಿಗುತ್ತೆ. ಅಲ್ಲೀವರೆಗೆ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ ಸೋಪು ನೀರಿಗೆ ಅದ್ದಿ, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೀರಿ. ಬೆಕ್ಕಿನ ಚಿಗಟದಿಂದಲೂ ಒಂದು ರಿಕೆಟ್ಸಿಯಾ ಇದೆ, ಪರಚಿದರೆ ಬಾರ್ಟೊನೆಲ್ಲಾ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಬೇರೆ.

ಗಾಂಧಿಬಜಾರ್_ಕಾಫಿ
ಪರ್ಮೆಥ್ರಿನ್ ಅಂತಾನೇ ಇದೆ. ವಾಪಸ್ ಕೊಟ್ಟು ಬಂದೆ. ಮಗನಿಗೆ ಬೆಕ್ಕನ್ನ ಮಂಚದ ಕೆಳಗೆ ಮಲಗಿಸು ಅಂದಿದ್ದಕ್ಕೆ ಅವನೇ ಕೆಳಗೆ ಹಾಸಿಗೆ ಹಾಕ್ಕೊಂಡಿದ್ದಾನೆ.